ಪೋರ್ಟ್ ಹಂಚಿಕೆ (ಗಣಕಜಾಲ)

ಪೋರ್ಟ್ ಹಂಚಿಕೆ ಎಂಬುದು ಒಂದೇ ಐಪಿ ವಿಳಾಸದ ಒಂದೇ ಪೋರ್ಟ್‌ನಲ್ಲಿ ಬೇರೆ ಬೇರೆ ಪ್ರೋಟೋಕಾಲ್‌ಗಳ ಸಂಪರ್ಕಗಳನ್ನು ಸ್ವೀಕರಿಸಿ, ಪ್ರತಿಯೊಂದನ್ನೂ ಅದಕ್ಕೆ ಸಂಬಂಧಿಸಿದ ಸರ್ವರ್‌ಗೆ ತಲುಪಿಸುವ ವಿಧಾನವಾಗಿದೆ. ಫೈರ್‌ವಾಲ್‌ನಲ್ಲಿ ಒಂದೇ ಪೋರ್ಟ್ ತೆರೆದಿರುವಾಗ, ಅಥವಾ ಸಂಸ್ಥೆಗೆ ಒಂದೇ ಸಾರ್ವಜನಿಕ ವಿಳಾಸವಿರುವಾಗ ಜಾಲತಾಣ, ದೂರನಿಯಂತ್ರಣ, ಖಾಸಗಿ ಜಾಲ ಮುಂತಾದ ಹಲವು ಸೇವೆಗಳನ್ನು ಒದಗಿಸಲು ಇದನ್ನು ಬಳಸಲಾಗುತ್ತದೆ. ಇದಕ್ಕಾಗಿ ಸಾಮಾನ್ಯವಾಗಿ ಆಯ್ಕೆಯಾಗುವುದು 443ನೆಯ ಪೋರ್ಟ್. ಸುರಕ್ಷಿತ ಜಾಲತಾಣಗಳು ಬಳಸುವ ಈ ಪೋರ್ಟನ್ನು ಹೆಚ್ಚಿನ ಜಾಲಗಳು ಮುಚ್ಚುವುದಿಲ್ಲ.

ಸಾಮಾನ್ಯ ವ್ಯವಸ್ಥೆಯಲ್ಲಿ ಸೇವೆಯನ್ನು ಗುರುತಿಸುವುದು ಪೋರ್ಟ್ ಸಂಖ್ಯೆ. ಪೋರ್ಟ್ ಹಂಚಿಕೆಯಲ್ಲಿ ಆ ಗುರುತು ಸಂಪರ್ಕದೊಳಗೆ ಹರಿಯುವ ಮೊದಲ ಕೆಲವು ಬೈಟ್‌ಗಳಿಗೆ ವರ್ಗವಾಗುತ್ತದೆ. ಈ ವಿಧಾನದ ಅನುಕೂಲಗಳಿಗೂ ಅಪಾಯಗಳಿಗೂ ಮೂಲ ಈ ಬದಲಾವಣೆಯೇ. ಪೋರ್ಟ್ ಸಂಖ್ಯೆಯನ್ನು ನೋಡಿ ಒಳಗಿರುವುದೇನೆಂದು ಹೇಳುವುದು ಅಲ್ಲಿಂದ ಮುಂದೆ ಸಾಧ್ಯವಾಗುವುದಿಲ್ಲ.

## ಹಿನ್ನೆಲೆ

ಅಂತರಜಾಲದಲ್ಲಿ ಒಂದು ಗಣಕಯಂತ್ರವನ್ನು ಗುರುತಿಸುವುದು ಐಪಿ ವಿಳಾಸ. ಆ ಯಂತ್ರದಲ್ಲಿ ನಡೆಯುತ್ತಿರುವ ಹಲವು ಸೇವೆಗಳ ಪೈಕಿ ಯಾವುದು ಬೇಕೆಂಬುದನ್ನು ಸೂಚಿಸುವುದು ಪೋರ್ಟ್ ಸಂಖ್ಯೆ. ಇದು 16 ಬಿಟ್‌ಗಳ ಸಂಖ್ಯೆಯಾದುದರಿಂದ 0ಯಿಂದ 65535ರವರೆಗಿನ ಬೆಲೆಗಳನ್ನು ಪಡೆಯಬಲ್ಲದು. ಇವುಗಳಲ್ಲಿ 0ಯಿಂದ 1023ರವರೆಗಿನವು ಪ್ರಮುಖ ಸೇವೆಗಳಿಗೆ ಮೀಸಲಾದ ವ್ಯವಸ್ಥಾ ಪೋರ್ಟ್‌ಗಳು. ಎಸ್‌ಎಸ್‌ಎಚ್‌ಗೆ 22, ಮಿಂಚಂಚೆಯ ರವಾನೆಗೆ 25, ಡಿಎನ್‌ಎಸ್‌ಗೆ 53, ಎಚ್‌ಟಿಟಿಪಿಗೆ 80, ಎಚ್‌ಟಿಟಿಪಿಎಸ್‌ಗೆ 443 ಎಂಬ ಹಂಚಿಕೆ ಪ್ರಸಿದ್ಧವಾದುದು. ಈ ಸಂಖ್ಯೆಗಳ ನೋಂದಣಿಯನ್ನು ಐಎಎನ್‌ಎ ಸಂಸ್ಥೆ ನಿರ್ವಹಿಸುತ್ತದೆ.

ಆರಂಭಿಕ ಫೈರ್‌ವಾಲ್‌ಗಳು ಪ್ರತಿ ಪ್ಯಾಕೆಟ್‌ನ ಶಿರೋಭಾಗದಲ್ಲಿರುವ ವಿಳಾಸ ಮತ್ತು ಪೋರ್ಟ್ ಸಂಖ್ಯೆಗಳನ್ನು ಮಾತ್ರ ನೋಡಿ ಒಳಗೆ ಬಿಡುವ ಅಥವಾ ತಡೆಯುವ ತೀರ್ಮಾನವನ್ನು ಕೈಗೊಳ್ಳುತ್ತಿದ್ದವು. 80 ಮತ್ತು 443ನ್ನು ಬಿಟ್ಟು ಉಳಿದುದನ್ನೆಲ್ಲ ಮುಚ್ಚುವ ಪದ್ಧತಿ ಕಚೇರಿ, ಕಾಲೇಜು ಮತ್ತು ವಸತಿಗೃಹಗಳ ಜಾಲಗಳಲ್ಲಿ ವ್ಯಾಪಕವಾಯಿತು. ಇದರ ಪರಿಣಾಮವಾಗಿ, ಜಾಲತಾಣವಲ್ಲದ ಸೇವೆಗಳೂ ಅವೇ ಎರಡು ಪೋರ್ಟ್‌ಗಳ ಮೂಲಕ ಸಾಗುವ ಮಾರ್ಗಗಳನ್ನು ಕಂಡುಕೊಂಡವು.

## ಅಗತ್ಯ

ಪೋರ್ಟ್ ಹಂಚಿಕೆಯನ್ನು ಅಳವಡಿಸಿಕೊಳ್ಳಲು ಮುಖ್ಯವಾಗಿ ಮೂರು ಕಾರಣಗಳಿವೆ.

ಹೊರಹೋಗುವ ಸಂಪರ್ಕಗಳ ಮೇಲಿನ ನಿರ್ಬಂಧ. ಬಳಕೆದಾರನು ಇರುವ ಜಾಲವು 22ನೆಯ ಪೋರ್ಟನ್ನಾಗಲಿ ಖಾಸಗಿ ಜಾಲದ ಪೋರ್ಟನ್ನಾಗಲಿ ಅನುಮತಿಸದಿದ್ದರೆ, ತನ್ನದೇ ಕಚೇರಿಯ ಸರ್ವರನ್ನು ತಲುಪುವುದು ಅವನಿಗೆ ಸಾಧ್ಯವಾಗುವುದಿಲ್ಲ. ಆ ಸರ್ವರ್ 443ರಲ್ಲಿಯೂ ಉತ್ತರಿಸುವಂತಿದ್ದರೆ ಸಂಪರ್ಕ ಸಾಧ್ಯವಾಗುತ್ತದೆ.

ಸಾರ್ವಜನಿಕ ವಿಳಾಸಗಳ ಕೊರತೆ. ಐಪಿವಿ4 ವಿಳಾಸವು 32 ಬಿಟ್‌ಗಳದ್ದು. ಒಟ್ಟು ವಿಳಾಸಗಳು ಸುಮಾರು 430 ಕೋಟಿ ಮಾತ್ರ. ಭಾರತವನ್ನೊಳಗೊಂಡ ಏಷ್ಯಾ-ಪೆಸಿಫಿಕ್ ವಲಯದ ನೋಂದಣಿ ಸಂಸ್ಥೆಯಾದ ಎಪಿನಿಕ್ 2011ರ ಏಪ್ರಿಲ್ 15ರಂದು ತನ್ನ ಕೊನೆಯ ದೊಡ್ಡ ವಿಳಾಸಗುಚ್ಛವನ್ನು ಮುಟ್ಟಿತು. ಅಂದಿನಿಂದ ಹೊಸ ವಿಳಾಸಗಳನ್ನು ಮಿತವಾಗಿ ನೀಡಲಾಗುತ್ತಿದೆ. ಒಂದೇ ಸ್ಥಿರ ವಿಳಾಸವನ್ನು ಪಡೆದ ಸಣ್ಣ ಸಂಸ್ಥೆಯು ತನ್ನ ಎಲ್ಲ ಸೇವೆಗಳನ್ನೂ ಅದರ ಹಿಂದೆಯೇ ಇರಿಸಬೇಕಾಗುತ್ತದೆ. ಬೇರೆ ಬೇರೆ ಸೇವೆಗಳಿಗೆ ಬೇರೆ ಬೇರೆ ಪೋರ್ಟ್‌ಗಳನ್ನು ಕೊಡಬಹುದಾದರೂ, 443ರಲ್ಲಿಯೇ ದೊರೆಯಬೇಕಾದ ಸೇವೆಗಳು ಒಂದಕ್ಕಿಂತ ಹೆಚ್ಚಾದಾಗ ಹಂಚಿಕೆ ಅನಿವಾರ್ಯವಾಗುತ್ತದೆ.

ನಿರ್ವಹಣೆಯ ಸರಳತೆ. ಹೊರಗಿನ ಫೈರ್‌ವಾಲ್‌ನಲ್ಲಿ ಹತ್ತು ನಿಯಮಗಳ ಬದಲು ಒಂದೇ ನಿಯಮವಿದ್ದರೆ ತಪ್ಪುಗಳು ಕಡಿಮೆಯಾಗುತ್ತವೆ. ಆದರೆ ಈ ಲಾಭ ಭಾಗಶಃ ಮಾತ್ರ. ಹೊರಗಿನ ಹತ್ತು ನಿಯಮಗಳು ಒಳಗಿನ ಹಂಚಿಕೆ ತಂತ್ರಾಂಶದ ಹತ್ತು ನಿಯಮಗಳಾಗಿ ಮಾರ್ಪಡುತ್ತವೆಯೇ ಹೊರತು ಇಲ್ಲವಾಗುವುದಿಲ್ಲ.

## ಇತಿಹಾಸ

ಒಂದೇ ಪೋರ್ಟ್‌ನಲ್ಲಿ ಹಲವು ಸೇವೆಗಳನ್ನು ಒದಗಿಸುವ ಆಲೋಚನೆ ಫೈರ್‌ವಾಲ್‌ಗಳು ಸಾಮಾನ್ಯವಾಗುವುದಕ್ಕೆ ಮೊದಲೇ ಇತ್ತು. 1988ರ ಆರ್‌ಎಫ್‌ಸಿ 1078 ಟಿಸಿಪಿಮಕ್ಸ್ ಎಂಬ ಸೇವೆಯನ್ನು ವಿವರಿಸುತ್ತದೆ. ಇದರಲ್ಲಿ ಗ್ರಾಹಕಯಂತ್ರವು 1ನೆಯ ಪೋರ್ಟ್‌ಗೆ ಸಂಪರ್ಕಿಸಿ ತನಗೆ ಬೇಕಾದ ಸೇವೆಯ ಹೆಸರನ್ನು ಒಂದು ಸಾಲಿನಲ್ಲಿ ಕಳುಹಿಸುತ್ತದೆ. ಸರ್ವರ್ ಒಪ್ಪಿದರೆ ಕೂಡಿಸುವ ಚಿಹ್ನೆಯನ್ನು, ನಿರಾಕರಿಸಿದರೆ ಕಳೆಯುವ ಚಿಹ್ನೆಯನ್ನು ಉತ್ತರವಾಗಿ ಕಳುಹಿಸುತ್ತದೆ. ಈ ಸೇವೆ ವ್ಯಾಪಕ ಬಳಕೆಗೆ ಬರಲಿಲ್ಲ.

ಜಾಲತಾಣಗಳ ಪೋರ್ಟ್ ಎಲ್ಲಕ್ಕೂ ದಾರಿಯಾಗತೊಡಗಿದಾಗ ತಂತ್ರಜ್ಞರಲ್ಲಿ ಎರಡು ಬಗೆಯ ಪ್ರತಿಕ್ರಿಯೆಗಳು ಬಂದವು. 2001ರ ಏಪ್ರಿಲ್ 1ರಂದು ಹಾಸ್ಯವಾಗಿ ಪ್ರಕಟವಾದ ಆರ್‌ಎಫ್‌ಸಿ 3093, ಯಾವುದೇ ಪ್ಯಾಕೆಟನ್ನು ಎಚ್‌ಟಿಟಿಪಿಯೊಳಗೆ ತುಂಬಿ ಫೈರ್‌ವಾಲ್ ದಾಟಿಸುವ ವಿಧಾನವನ್ನು ಗಂಭೀರ ಧಾಟಿಯಲ್ಲಿ ವರ್ಣಿಸಿತು. ಮರುವರ್ಷ, ಅಂದರೆ 2002ರ ಫೆಬ್ರವರಿಯಲ್ಲಿ ಬಂದ ಆರ್‌ಎಫ್‌ಸಿ 3205, ಎಚ್‌ಟಿಟಿಪಿಯನ್ನು ಇತರ ಪ್ರೋಟೋಕಾಲ್‌ಗಳ ವಾಹನವಾಗಿ ಬಳಸುವುದರ ತೊಡಕುಗಳನ್ನು ನಿಜವಾಗಿಯೇ ಚರ್ಚಿಸಿತು. 2022ರಲ್ಲಿ ಆರ್‌ಎಫ್‌ಸಿ 9205 ಇದರ ಸ್ಥಾನವನ್ನು ಪಡೆಯಿತು.

ಇದೇ ಅವಧಿಯಲ್ಲಿ, ಒಂದೇ ಪೋರ್ಟ್‌ನೊಳಗೆ ಆಯ್ಕೆ ಮಾಡಿಕೊಳ್ಳುವ ಸೌಲಭ್ಯಗಳು ಮಾನದಂಡಗಳಲ್ಲಿಯೇ ಸೇರಿಕೊಂಡವು. ಸರ್ವರ್ ಹೆಸರಿನ ಸೂಚನೆಯನ್ನು (ಎಸ್‌ಎನ್‌ಐ) 2003ರ ಆರ್‌ಎಫ್‌ಸಿ 3546 ಪರಿಚಯಿಸಿತು. 2011ರಲ್ಲಿ ವೆಬ್‌ಸಾಕೆಟ್, 2014ರಲ್ಲಿ ಎಎಲ್‌ಪಿಎನ್, 2018ರಲ್ಲಿ ಡಿಎನ್‌ಎಸ್ ವಿಚಾರಣೆಗಳನ್ನು ಎಚ್‌ಟಿಟಿಪಿಎಸ್ ಮೂಲಕ ಕಳುಹಿಸುವ ವಿಧಾನ, 2021ರಲ್ಲಿ ಕ್ವಿಕ್ ಪ್ರೋಟೋಕಾಲ್ ಮಾನದಂಡಗಳಾದವು. ಪೋರ್ಟ್ ಸಂಖ್ಯೆಗಳು ಸೀಮಿತವಾದುದರಿಂದ ಒಂದು ಸೇವೆಗೆ ಒಂದೇ ಸಂಖ್ಯೆಯನ್ನು ನೀಡಲು ಯತ್ನಿಸಬೇಕೆಂಬ ತತ್ತ್ವವನ್ನು 2011ರ ಆರ್‌ಎಫ್‌ಸಿ 6335 ಮುಂದಿಟ್ಟಿತು.

## ಕಾರ್ಯವಿಧಾನ

ಹಂಚಿಕೆಯ ಕೆಲಸವನ್ನು ಮಾಡುವ ತಂತ್ರಾಂಶವು ಹೊರಗಿನ ಪೋರ್ಟ್‌ನಲ್ಲಿ ಕಾದಿರುತ್ತದೆ. ಹೊಸ ಸಂಪರ್ಕ ಬಂದಾಗ ಅದರ ಮೊದಲ ಬೈಟ್‌ಗಳನ್ನು ಓದಿ ಪ್ರೋಟೋಕಾಲನ್ನು ಗುರುತಿಸುತ್ತದೆ. ಅನಂತರ ಒಳಗಿನ ಸರ್ವರ್‌ಗೆ ಇನ್ನೊಂದು ಸಂಪರ್ಕವನ್ನು ತೆರೆದು, ಓದಿದ ಬೈಟ್‌ಗಳನ್ನೂ ಮುಂದೆ ಬರುವವುಗಳನ್ನೂ ಬದಲಾಯಿಸದೆ ಅತ್ತಿತ್ತ ಸಾಗಿಸುತ್ತದೆ. ಗುರುತಿಸುವಿಕೆ ಸಂಪರ್ಕದ ಆರಂಭದಲ್ಲಿ ಒಮ್ಮೆ ಮಾತ್ರ ನಡೆಯುತ್ತದೆ.

### ರೈಲ್ವೆ ಜಂಕ್ಷನ್ನಿನ ಹೋಲಿಕೆ

ಕಲಬುರಗಿ ಜಿಲ್ಲೆಯ ವಾಡಿ ಜಂಕ್ಷನ್ನಿನ ಹೋಲಿಕೆಯಿಂದ ಈ ಕ್ರಮವನ್ನು ಅರಿಯಬಹುದು. ಸೊಲ್ಲಾಪುರದ ಕಡೆಯಿಂದ ಬರುವ ರೈಲುಗಳು ಕಲಬುರಗಿ ಮತ್ತು ಶಹಾಬಾದ್‌ಗಳನ್ನು ಒಂದೇ ಮಾರ್ಗದಲ್ಲಿ ದಾಟುತ್ತವೆ. ವಾಡಿಯಲ್ಲಿ ಮಾರ್ಗ ಕವಲೊಡೆಯುತ್ತದೆ: ಒಂದು ಯಾದಗಿರಿ, ರಾಯಚೂರುಗಳತ್ತ ಸಾಗಿದರೆ, 1874ರಲ್ಲಿ ಆರಂಭವಾದ ಇನ್ನೊಂದು ಚಿತ್ತಾಪುರ, ಸೇಡಂಗಳ ಮೂಲಕ ಸಿಕಂದರಾಬಾದಿನತ್ತ ಸಾಗುತ್ತದೆ. ಶಹಾಬಾದಿನಲ್ಲಿ ಹಳಿಯನ್ನು ಮಾತ್ರ ನೋಡುವವನಿಗೆ ಯಾವ ರೈಲು ಎಲ್ಲಿಗೆಂಬುದು ತಿಳಿಯದು; ಅದನ್ನು ನಿರ್ಧರಿಸುವುದು ಜಂಕ್ಷನ್.

ಹೋಲಿಕೆಗೆ ಒಂದು ಮಿತಿಯಿದೆ. ಬರುವ ರೈಲಿನ ಸಂಖ್ಯೆ ಮತ್ತು ಗಮ್ಯಸ್ಥಾನ ಜಂಕ್ಷನ್ನಿನ ಸಿಬ್ಬಂದಿಗೆ ಮೊದಲೇ ಗೊತ್ತಿರುತ್ತದೆ. ಹಂಚಿಕೆ ತಂತ್ರಾಂಶಕ್ಕೆ ಅಂಥ ಮುನ್ಸೂಚನೆಯಿಲ್ಲ. ಸಂಪರ್ಕ ಬಂದು ನಿಂತ ಮೇಲೆ ಅದರ ಮೊದಲ ಮಾತನ್ನು ಕೇಳಿ ದಾರಿಯನ್ನು ನಿರ್ಧರಿಸಬೇಕು. ಮುಂದೆ ವಿವರಿಸಿರುವ ತೊಡಕುಗಳಲ್ಲಿ ಹಲವು ಇದರಿಂದಲೇ ಹುಟ್ಟುತ್ತವೆ.

### ಮೊದಲ ಬೈಟ್‌ಗಳ ಗುರುತು

ಪ್ರಮುಖ ಪ್ರೋಟೋಕಾಲ್‌ಗಳ ಆರಂಭಿಕ ಗುರುತುಗಳು ಹೀಗಿವೆ:

* ಟಿಎಲ್‌ಎಸ್: ಮೊದಲ ಬೈಟಿನ ಬೆಲೆ ದಶಮಾನದಲ್ಲಿ 22, ಎರಡನೆಯದು 3. ಇಲ್ಲಿನ 22 ಎಂಬುದು ಸಂದೇಶದ ಬಗೆಯ ಸಂಖ್ಯೆ. ಎಸ್‌ಎಸ್‌ಎಚ್‌ನ ಪೋರ್ಟ್ ಸಂಖ್ಯೆಯೂ 22 ಆಗಿರುವುದು ಕಾಕತಾಳೀಯ.
* ಎಸ್‌ಎಸ್‌ಎಚ್: ಸಂಪರ್ಕದ ಆರಂಭದಲ್ಲಿ ‘ಎಸ್‌ಎಸ್‌ಎಚ್-2.0-’ ಎಂಬ ಅಕ್ಷರಗಳಿಂದ ತೊಡಗುವ, ಓದಬಹುದಾದ ಪರಿಚಯದ ಸಾಲು.
* ಎಚ್‌ಟಿಟಿಪಿ: ಗೆಟ್, ಪೋಸ್ಟ್, ಹೆಡ್ ಮುಂತಾದ ಆಜ್ಞಾಪದ, ಅದರ ಮುಂದೆ ಖಾಲಿ ಜಾಗ.
* ವಿಂಡೋಸ್‌ನ ದೂರನಿಯಂತ್ರಣ (ಆರ್‌ಡಿಪಿ): ಮೊದಲ ಬೈಟಿನ ಬೆಲೆ 3.

### ಮೊದಲು ಮಾತನಾಡುವವರು ಯಾರು

ಈ ವಿಧಾನ ಸಫಲವಾಗಬೇಕಾದರೆ ಗ್ರಾಹಕಯಂತ್ರವೇ ಮೊದಲು ಮಾತನಾಡಬೇಕು. ಟಿಎಲ್‌ಎಸ್ ಮತ್ತು ಎಚ್‌ಟಿಟಿಪಿಗಳಲ್ಲಿ ಹಾಗೆಯೇ ಆಗುತ್ತದೆ. ಆದರೆ ಮಿಂಚಂಚೆಯ ಎಸ್‌ಎಂಟಿಪಿ, ಕಡತ ವರ್ಗಾವಣೆಯ ಎಫ್‌ಟಿಪಿ ಮತ್ತು ಮೈಎಸ್‌ಕ್ಯೂಎಲ್ ದತ್ತಸಂಚಯಗಳಲ್ಲಿ ಮೊದಲ ಮಾತು ಸರ್ವರ್‌ನದು. ಹಂಚಿಕೆ ತಂತ್ರಾಂಶ ಗ್ರಾಹಕನ ಮಾತಿಗಾಗಿ, ಗ್ರಾಹಕ ಸರ್ವರ್‌ನ ಮಾತಿಗಾಗಿ ಕಾಯುತ್ತ ಇಬ್ಬರೂ ಮೌನವಾಗಿ ಉಳಿಯುತ್ತಾರೆ.

ಎಸ್‌ಎಸ್‌ಎಚ್ ಇವೆರಡರ ನಡುವಿನದು. ಎರಡೂ ಬದಿಗಳು ಪರಿಚಯದ ಸಾಲನ್ನು ಕಳುಹಿಸಬೇಕೆಂಬುದು ನಿಯಮ; ಯಾರು ಮೊದಲೆಂಬುದು ನಿಗದಿಯಾಗಿಲ್ಲ. ಕೆಲವು ಗ್ರಾಹಕ ತಂತ್ರಾಂಶಗಳು ಸರ್ವರ್‌ನ ಸಾಲಿಗಾಗಿ ಕಾಯುತ್ತವೆ. ಆದುದರಿಂದ ಹಂಚಿಕೆ ತಂತ್ರಾಂಶಗಳಲ್ಲಿ ಕಾಲಮಿತಿಯೊಂದನ್ನು ಇಡಲಾಗುತ್ತದೆ: ಕೆಲವು ಸೆಕೆಂಡುಗಳವರೆಗೆ ಏನೂ ಬಾರದಿದ್ದರೆ ಆ ಸಂಪರ್ಕವನ್ನು ಎಸ್‌ಎಸ್‌ಎಚ್ ಎಂದೇ ಭಾವಿಸಿ ಮುಂದಕ್ಕೆ ಕಳುಹಿಸಲಾಗುತ್ತದೆ. ಮೌನದಿಂದ ಗುರುತಿಸಬಹುದಾದ ಸೇವೆ ಒಂದೇ ಒಂದು. ಮೌನವಾಗಿ ಕಾಯುವ ಎರಡು ಪ್ರೋಟೋಕಾಲ್‌ಗಳನ್ನು ಒಂದೇ ಪೋರ್ಟ್‌ನಲ್ಲಿ ಬೇರ್ಪಡಿಸಲಾಗದು.

### ಟಿಎಲ್‌ಎಸ್‌ನೊಳಗಿನ ಆಯ್ಕೆ

ಎಲ್ಲ ಸೇವೆಗಳೂ ಟಿಎಲ್‌ಎಸ್‌ನಲ್ಲಿಯೇ ನಡೆಯುವಾಗ ಮೊದಲ ಬೈಟ್ ಎಲ್ಲಕ್ಕೂ ಒಂದೇ ಆಗಿರುತ್ತದೆ. ಆಗ ಎರಡು ಸೂಚನೆಗಳು ನೆರವಾಗುತ್ತವೆ. ಮೊದಲನೆಯದಾದ ಎಸ್‌ಎನ್‌ಐ, ಗ್ರಾಹಕ ತಲುಪಬಯಸುವ ಸರ್ವರ್‌ನ ಹೆಸರು. ಒಂದೇ ವಿಳಾಸದಲ್ಲಿ ಹಲವು ಜಾಲತಾಣಗಳನ್ನು, ಪ್ರತಿಯೊಂದಕ್ಕೂ ಅದರದೇ ಪ್ರಮಾಣಪತ್ರದೊಂದಿಗೆ ನಡೆಸಲು ಇದು ನೆರವಾಗುತ್ತದೆ. ಎರಡನೆಯದಾದ ಎಎಲ್‌ಪಿಎನ್, ಗ್ರಾಹಕ ಬಳಸಬಲ್ಲ ಪ್ರೋಟೋಕಾಲ್‌ಗಳ ಪಟ್ಟಿ. ಎಚ್‌ಟಿಟಿಪಿಯ 1.1 ಮತ್ತು 2ನೆಯ ಆವೃತ್ತಿಗಳು 443ರಲ್ಲಿಯೇ ಜೊತೆಯಾಗಿರುವುದು ಇದರಿಂದಲೇ.

ಸಾಂಪ್ರದಾಯಿಕ ಟಿಎಲ್‌ಎಸ್‌ನಲ್ಲಿ ಈ ಎರಡೂ ಸೂಚನೆಗಳು ಗೂಢಲಿಪಿಗೆ ಒಳಪಡದೆ ಮೊದಲ ಸಂದೇಶದಲ್ಲಿಯೇ ಬರುತ್ತವೆ. ಹೀಗಾಗಿ ಖಾಸಗಿ ಕೀಲಿಯಿಲ್ಲದೆಯೂ ಹಂಚಿಕೆ ತಂತ್ರಾಂಶವು ಅವುಗಳನ್ನು ಓದಬಲ್ಲದು. ದಾರಿಯಲ್ಲಿರುವ ಫೈರ್‌ವಾಲ್ ಕೂಡ ಓದಬಲ್ಲದು.

### ಸುರಂಗ ವಿಧಾನ

ಒಂದು ಪ್ರೋಟೋಕಾಲನ್ನು ಇನ್ನೊಂದರೊಳಗೆ ತುಂಬಿ ಸಾಗಿಸುವುದನ್ನು ಸುರಂಗ ಎನ್ನುತ್ತಾರೆ. ಎಚ್‌ಟಿಟಿಪಿಯ ಕನೆಕ್ಟ್ ಆಜ್ಞೆ, ವೆಬ್‌ಸಾಕೆಟ್ ಮತ್ತು ಎಸ್‌ಎಸ್‌ಎಚ್‌ನ ಪೋರ್ಟ್ ರವಾನೆ ಇದಕ್ಕೆ ನಿದರ್ಶನಗಳು. ಹಂಚಿಕೆಯಲ್ಲಿ ಪ್ರೋಟೋಕಾಲ್‌ಗಳು ಅಕ್ಕಪಕ್ಕದಲ್ಲಿರುತ್ತವೆ; ಸುರಂಗದಲ್ಲಿ ಒಂದು ಇನ್ನೊಂದರ ಒಡಲಿನಲ್ಲಿರುತ್ತದೆ. ಟಿಸಿಪಿಯನ್ನು ಟಿಸಿಪಿಯೊಳಗೆ ಸಾಗಿಸಿದಾಗ, ಪ್ಯಾಕೆಟ್ ಕಳೆದುಹೋದರೆ ಎರಡೂ ಪದರಗಳು ಮರುರವಾನೆಗೆ ತೊಡಗಿ ವೇಗ ಕುಸಿಯಬಹುದು. ದುರ್ಬಲ ಸಂಪರ್ಕವಿರುವೆಡೆ ಈ ದೋಷ ಎದ್ದು ಕಾಣುತ್ತದೆ.

### ಯುಡಿಪಿಯಲ್ಲಿ ಹಂಚಿಕೆ

ಯುಡಿಪಿಯಲ್ಲಿ ಸಂಪರ್ಕವೆಂಬ ಪರಿಕಲ್ಪನೆ ಇಲ್ಲದಿರುವುದರಿಂದ ಪ್ರತಿ ಪ್ಯಾಕೆಟ್‌ನಿಂದಲೇ ಗುರುತಿಸುವುದು ವಾಡಿಕೆ. ದೃಶ್ಯಸಂವಾದಕ್ಕೆ ಬಳಕೆಯಾಗುವ ವೆಬ್‌ಆರ್‌ಟಿಸಿ ಇದಕ್ಕೆ ಉತ್ತಮ ಉದಾಹರಣೆ. 2016ರ ಆರ್‌ಎಫ್‌ಸಿ 7983ರಂತೆ ಮೊದಲ ಬೈಟಿನ ಬೆಲೆ 0ಯಿಂದ 3ರವರೆಗಿದ್ದರೆ ಸ್ಟನ್, 20ರಿಂದ 63ರವರೆಗಿದ್ದರೆ ಡಿಟಿಎಲ್‌ಎಸ್, 128ರಿಂದ 191ರವರೆಗಿದ್ದರೆ ಧ್ವನಿ ಅಥವಾ ದೃಶ್ಯದ ಆರ್‌ಟಿಪಿ ಪ್ಯಾಕೆಟ್. ಇಲ್ಲಿ ಹಂಚಿಕೆ ಊಹೆಯನ್ನು ಅವಲಂಬಿಸಿಲ್ಲ. ಮಾನದಂಡವೇ ಬೆಲೆಗಳನ್ನು ವಿಂಗಡಿಸಿಕೊಟ್ಟಿದೆ.

## ಬಳಕೆಯಲ್ಲಿರುವ ತಂತ್ರಾಂಶಗಳು

* ಎಸ್‌ಎಸ್‌ಎಲ್‌ಎಚ್: ಈವ್ ರುಶ್ಲೆ ರಚಿಸಿದ ಮುಕ್ತ ತಂತ್ರಾಂಶ. ಟಿಎಲ್‌ಎಸ್, ಎಸ್‌ಎಸ್‌ಎಚ್, ಎಚ್‌ಟಿಟಿಪಿ, ಓಪನ್‌ವಿಪಿಎನ್ ಮುಂತಾದವುಗಳನ್ನು ಒಂದೇ ಪೋರ್ಟ್‌ನಲ್ಲಿ ಗುರುತಿಸುವುದೇ ಇದರ ಮುಖ್ಯ ಕೆಲಸ.
* ಎಚ್‌ಎಪ್ರಾಕ್ಸಿ: ಭಾರ ಹಂಚುವಿಕೆಗೆ ಹೆಸರಾದ ತಂತ್ರಾಂಶ. ಸಂಪರ್ಕದ ಆರಂಭವನ್ನು ಪರಿಶೀಲಿಸಿ ಎಸ್‌ಎನ್‌ಐ ಅಥವಾ ಬೈಟ್‌ಗಳ ಆಧಾರದ ಮೇಲೆ ದಾರಿ ತೋರಿಸಬಲ್ಲದು.
* ಎಂಜಿನ್‌ಎಕ್ಸ್: ಜಾಲತಾಣಗಳ ಸರ್ವರ್. 2016ರಿಂದ ಟಿಎಲ್‌ಎಸ್‌ನ ಮೊದಲ ಸಂದೇಶವನ್ನು, ಗೂಢಲಿಪಿ ಬಿಡಿಸದೆ, ಮುಂಚಿತವಾಗಿ ಓದುವ ಘಟಕವನ್ನು ಹೊಂದಿದೆ.
* ಓಪನ್‌ವಿಪಿಎನ್: ಟಿಸಿಪಿಯಲ್ಲಿ ನಡೆಯುವಾಗ, ತನ್ನದಲ್ಲದ ಸಂಪರ್ಕವನ್ನು ಜಾಲತಾಣದ ಸರ್ವರ್‌ಗೆ ದಾಟಿಸುವ ಪೋರ್ಟ್ ಹಂಚಿಕೆಯ ಆಯ್ಕೆ ಇದರಲ್ಲಿಯೇ ಇದೆ.

## ಅಳವಡಿಕೆಯ ಒಂದು ಮಾದರಿ

ವಿವರಣೆಗಾಗಿ ಒಂದು ಕಲ್ಪಿತ ಸಹಕಾರ ಸಂಘವನ್ನು ತೆಗೆದುಕೊಳ್ಳಬಹುದು. ಅದರ ಪ್ರಧಾನ ಕಚೇರಿ ಸೇಡಂನಲ್ಲಿದೆ. ಚಿತ್ತಾಪುರ, ವಾಡಿ, ಶಹಾಬಾದ್ ಮತ್ತು ಚಿಂಚೋಳಿಗಳಲ್ಲಿ ಶಾಖೆಗಳಿವೆ. ಸೇಡಂ ಕಚೇರಿಗೆ ಒಂದು ಸ್ಥಿರ ಐಪಿ ವಿಳಾಸವಿದ್ದು, ಅಲ್ಲಿ ಸದಸ್ಯರ ಲೆಕ್ಕ ನೋಡುವ ಜಾಲತಾಣ, ಶಾಖೆಗಳನ್ನು ಜೋಡಿಸುವ ಓಪನ್‌ವಿಪಿಎನ್ ಹಾಗೂ ತಂತ್ರಜ್ಞರ ಬಳಕೆಗೆ ಎಸ್‌ಎಸ್‌ಎಚ್ ಎಂಬ ಮೂರು ಸೇವೆಗಳಿವೆ.

1. ರೂಟರಿನ ಫೈರ್‌ವಾಲ್‌ನಲ್ಲಿ 443ನೆಯ ಟಿಸಿಪಿ ಪೋರ್ಟನ್ನು ಮಾತ್ರ ತೆರೆದು, ಅದನ್ನು ಹಂಚಿಕೆ ತಂತ್ರಾಂಶವಿರುವ ಯಂತ್ರಕ್ಕೆ ಜೋಡಿಸಲಾಗುತ್ತದೆ.
2. ಜಾಲತಾಣದ ಸರ್ವರನ್ನು 443ರಿಂದ ಬಿಡಿಸಿ ಒಳಗಿನ ಬೇರೊಂದು ಪೋರ್ಟ್‌ಗೆ ಸರಿಸಲಾಗುತ್ತದೆ. ಇದನ್ನು ಮರೆತರೆ ಎರಡು ತಂತ್ರಾಂಶಗಳು ಒಂದೇ ಪೋರ್ಟನ್ನು ಕೇಳಿ ಎರಡನೆಯದು ಆರಂಭವಾಗುವುದೇ ಇಲ್ಲ.
3. ಟಿಎಲ್‌ಎಸ್ ಜಾಲತಾಣಕ್ಕೆ, ಓಪನ್‌ವಿಪಿಎನ್ ಖಾಸಗಿ ಜಾಲದ ಸರ್ವರ್‌ಗೆ, ಎಸ್‌ಎಸ್‌ಎಚ್ 22ನೆಯ ಪೋರ್ಟ್‌ಗೆ ಎಂಬ ನಿಯಮಗಳನ್ನು ಬರೆಯಲಾಗುತ್ತದೆ. ಯಾವುದಕ್ಕೂ ಹೊಂದದ ಸಂಪರ್ಕವನ್ನು ಮುಚ್ಚುವ ನಿಯಮವೂ ಇರಬೇಕು.
4. ಮೂರು ಸೇವೆಗಳನ್ನೂ ಹೊರಗಿನ ಜಾಲದಿಂದ, ಉದಾಹರಣೆಗೆ ಮೊಬೈಲ್ ಜಾಲದಿಂದ, ಪರೀಕ್ಷಿಸಲಾಗುತ್ತದೆ. ಕಚೇರಿಯೊಳಗಿನಿಂದ ಮಾಡಿದ ಪರೀಕ್ಷೆ ಫೈರ್‌ವಾಲನ್ನು ದಾಟುವುದಿಲ್ಲವಾದುದರಿಂದ ಅದು ಸಾಕಾಗದು.

ಇದಾದ ಮೇಲೆ ಚಿಂಚೋಳಿಯ ಸದಸ್ಯರು ಬ್ರೌಸರಿನಲ್ಲಿ ಲೆಕ್ಕ ನೋಡಬಹುದು, ವಾಡಿಯ ಶಾಖೆ ಖಾಸಗಿ ಜಾಲಕ್ಕೆ ಸೇರಬಹುದು, ತಂತ್ರಜ್ಞರು ಎಸ್‌ಎಸ್‌ಎಚ್ ಬಳಸಬಹುದು; ಎಲ್ಲರೂ ತಲುಪುವುದು ಒಂದೇ ವಿಳಾಸದ ಒಂದೇ ಪೋರ್ಟನ್ನು. ಎಸ್‌ಎಸ್‌ಎಚ್ ಪ್ರವೇಶವನ್ನು ಖಾಸಗಿ ಜಾಲದ ಮೂಲಕ ಮಾತ್ರ ಕೊಡಲು ಸಾಧ್ಯವಿದ್ದರೆ, ಅದನ್ನು ಹಂಚಿಕೆಯಿಂದ ಹೊರಗಿಡುವುದು ಇನ್ನೂ ಉತ್ತಮ.

ಸೇಡಂ ಕಚೇರಿಗೆ ಸ್ವಂತ ಸಾರ್ವಜನಿಕ ವಿಳಾಸವಿಲ್ಲದೆ, ಸೇವಾದಾತರು ಒಂದೇ ವಿಳಾಸವನ್ನು ಹಲವು ಗ್ರಾಹಕರಿಗೆ ಹಂಚಿದ್ದರೆ ಈ ವ್ಯವಸ್ಥೆ ನಡೆಯದು. ರೂಟರಿನ ಹೊರಬದಿಯ ವಿಳಾಸ 100.64ರಿಂದ 100.127ರವರೆಗಿನ ಅಂಕಿಗಳಿಂದ ಆರಂಭವಾದರೆ ಅದು ಅಂಥ ಹಂಚಿಕೆಯ ಲಕ್ಷಣ. 2012ರ ಆರ್‌ಎಫ್‌ಸಿ 6598 ಈ ಗುಚ್ಛವನ್ನು ಅದಕ್ಕೆಂದೇ ಮೀಸಲಿಟ್ಟಿದೆ. ಆಗ ಸೇವಾದಾತರಿಂದ ಸ್ಥಿರ ವಿಳಾಸವನ್ನು ಪಡೆಯುವುದು ಅಥವಾ ಐಪಿವಿ6 ಬಳಸುವುದು ಪರಿಹಾರ. 128 ಬಿಟ್‌ಗಳ ಐಪಿವಿ6ನಲ್ಲಿ ಪ್ರತಿ ಸರ್ವರ್‌ಗೂ ಪ್ರತ್ಯೇಕ ವಿಳಾಸ ದೊರೆಯುವುದರಿಂದ, ವಿಳಾಸದ ಕೊರತೆಗಾಗಿ ಪೋರ್ಟ್ ಹಂಚುವ ಅಗತ್ಯವೇ ಉಳಿಯುವುದಿಲ್ಲ.

## ಮಿತಿಗಳು

ಮೂಲ ವಿಳಾಸದ ಮರೆ. ಒಳಗಿನ ಸರ್ವರ್‌ನ ದೃಷ್ಟಿಯಲ್ಲಿ ಎಲ್ಲ ಸಂಪರ್ಕಗಳೂ ಹಂಚಿಕೆ ತಂತ್ರಾಂಶದಿಂದ ಬಂದಂತೆ ತೋರುತ್ತವೆ. ಎರಡೂ ಒಂದೇ ಯಂತ್ರದಲ್ಲಿದ್ದರೆ ದಾಖಲೆಯಲ್ಲಿ 127.0.0.1 ಎಂಬ ಸ್ವಯಂ ವಿಳಾಸ ಮಾತ್ರ ಉಳಿಯುತ್ತದೆ. ತಪ್ಪು ಗುಪ್ತಪದಗಳನ್ನು ಮತ್ತೆ ಮತ್ತೆ ಪ್ರಯತ್ನಿಸುವವರನ್ನು ತಡೆಯುವ ಫೇಲ್‌ಟುಬ್ಯಾನ್‌ನಂಥ ತಂತ್ರಾಂಶಗಳು ಇಂಥ ಸ್ಥಿತಿಯಲ್ಲಿ ನಿಷ್ಫಲವಾಗುತ್ತವೆ. ಹಂಚಿಕೆ ಬೇರೆ ಯಂತ್ರದಲ್ಲಿದ್ದರೆ ಅದರ ವಿಳಾಸವನ್ನೇ ತಡೆದು ಎಲ್ಲ ಬಳಕೆದಾರರನ್ನೂ ಹೊರಗಿಡಬಹುದು. ಇದಕ್ಕೆ ಎರಡು ಪರಿಹಾರಗಳಿವೆ: ಮೂಲ ವಿಳಾಸವನ್ನು ಉಳಿಸಿಕೊಂಡು ಸಾಗಿಸುವ ಪಾರದರ್ಶಕ ವಿಧಾನ, ಹಾಗೂ ಸಂಪರ್ಕದ ಆರಂಭದಲ್ಲಿ ಮೂಲ ವಿಳಾಸವನ್ನು ತಿಳಿಸುವ ಪ್ರಾಕ್ಸಿ ಪ್ರೋಟೋಕಾಲ್. ಎರಡನೆಯದನ್ನು ಒಳಗಿನ ಸರ್ವರ್ ಕೂಡ ಅರಿತಿರಬೇಕು.

ಏಕೈಕ ವೈಫಲ್ಯಬಿಂದು. ಹಂಚಿಕೆ ತಂತ್ರಾಂಶ ನಿಂತರೆ ಎಲ್ಲ ಸೇವೆಗಳೂ ಒಟ್ಟಿಗೆ ನಿಲ್ಲುತ್ತವೆ. ಅದನ್ನು ದೂರದಿಂದ ಸರಿಪಡಿಸಲು ಬೇಕಾದ ಎಸ್‌ಎಸ್‌ಎಚ್ ಕೂಡ ಅದೇ ದಾರಿಯಲ್ಲಿರುವುದರಿಂದ ತಂತ್ರಜ್ಞರು ಸ್ಥಳಕ್ಕೇ ಹೋಗಬೇಕಾಗಬಹುದು. ಪ್ರತ್ಯೇಕವಾದ ಎರಡನೆಯ ಪ್ರವೇಶಮಾರ್ಗವನ್ನು ಇಟ್ಟುಕೊಳ್ಳುವುದು ವಾಡಿಕೆ.

ವಿಳಂಬ. ಮೌನದಿಂದ ಗುರುತಿಸಲ್ಪಡುವ ಸೇವೆಗೆ ಪ್ರತಿ ಸಂಪರ್ಕದಲ್ಲಿಯೂ ಕಾಲಮಿತಿಯಷ್ಟು ವಿಳಂಬವಾಗುತ್ತದೆ. ಕಾಲಮಿತಿಯನ್ನು ತೀರ ಕಡಿಮೆ ಮಾಡಿದರೆ, ನಿಧಾನವಾದ ಜಾಲದಿಂದ ಬರುವ ಜಾಲತಾಣದ ಸಂಪರ್ಕಗಳು ತಪ್ಪಾಗಿ ಎಸ್‌ಎಸ್‌ಎಚ್ ಸರ್ವರ್‌ಗೆ ಹೋಗುತ್ತವೆ.

## ಭದ್ರತೆ

ಪೋರ್ಟ್ ಹಂಚಿಕೆಯು ಸೇವೆಯನ್ನು ಸುರಕ್ಷಿತಗೊಳಿಸುವುದಿಲ್ಲ. ಅದು ಕಾಣುವ ಸ್ಥಳವನ್ನು ಮಾತ್ರ ಬದಲಾಯಿಸುತ್ತದೆ. 443ರಲ್ಲಿ ಎಸ್‌ಎಸ್‌ಎಚ್ ಇರುವುದನ್ನು ಶೋಧಕ ತಂತ್ರಾಂಶಗಳು ಒಂದು ಸಂಪರ್ಕದಿಂದಲೇ ಪತ್ತೆಹಚ್ಚಬಲ್ಲವು. ಗುಪ್ತಪದದ ಬದಲು ಕೀಲಿ ಆಧಾರಿತ ಪ್ರವೇಶ, ಕಾಲಕಾಲಕ್ಕೆ ನವೀಕರಣ, ಸೇವೆಗೆ ತಕ್ಕ ಅನುಮತಿ ಇವು ಹಂಚಿಕೆಯಿದ್ದರೂ ಅಷ್ಟೇ ಅಗತ್ಯ.

ಬೇರೆ ಬೇರೆ ಸೇವೆಗಳು ಒಂದೇ ಪ್ರಮಾಣಪತ್ರವನ್ನು ಹಂಚಿಕೊಂಡಾಗ ಇನ್ನೊಂದು ಅಪಾಯವಿದೆ. 2021ರಲ್ಲಿ ಜರ್ಮನಿಯ ಸಂಶೋಧಕರು ಪ್ರಕಟಿಸಿದ ಅಲ್ಪಾಕಾ ದಾಳಿಯಲ್ಲಿ, ಜಾಲತಾಣಕ್ಕೆ ಹೊರಟ ಬ್ರೌಸರಿನ ಸಂಪರ್ಕವನ್ನು ದಾರಿಯಲ್ಲಿರುವ ದಾಳಿಕಾರನು ಅದೇ ಪ್ರಮಾಣಪತ್ರವುಳ್ಳ ಮಿಂಚಂಚೆ ಅಥವಾ ಕಡತ ಸರ್ವರ್‌ನತ್ತ ತಿರುಗಿಸಬಲ್ಲನು. ಟಿಎಲ್‌ಎಸ್ ಸರ್ವರ್‌ನ ಹೆಸರನ್ನು ದೃಢಪಡಿಸುತ್ತದೆಯೇ ಹೊರತು ವಿಳಾಸ ಮತ್ತು ಪೋರ್ಟನ್ನಲ್ಲ ಎಂಬುದು ಇದರ ಮೂಲ. ಸರ್ವರ್‌ಗಳು ಎಎಲ್‌ಪಿಎನ್ ಮತ್ತು ಎಸ್‌ಎನ್‌ಐಗಳನ್ನು ಕಟ್ಟುನಿಟ್ಟಾಗಿ ಪರಿಶೀಲಿಸಿ, ತಮಗೆ ಸೇರದ ಸಂಪರ್ಕವನ್ನು ನಿರಾಕರಿಸುವುದು ಪರಿಹಾರವಾಗಿ ಸೂಚಿತವಾಗಿದೆ.

ಕೈಗಾರಿಕಾ ನಿಯಂತ್ರಣದ ಪ್ರೋಟೋಕಾಲ್‌ಗಳಿಗೆ ಈ ವಿಧಾನ ಸೂಕ್ತವಲ್ಲ. ಸಿಮೆಂಟ್ ಉದ್ಯಮಕ್ಕೆ ಹೆಸರಾದ ವಾಡಿ, ಸೇಡಂ ಭಾಗದಂಥ ಪ್ರದೇಶಗಳ ವಿದ್ಯಾರ್ಥಿಗಳು ಕಾರ್ಖಾನೆಗಳ ಯಂತ್ರ ನಿಯಂತ್ರಣದ ಸಂದರ್ಭದಲ್ಲಿ ಮಾಡ್‌ಬಸ್ ಎಂಬ ಹೆಸರನ್ನು ಕೇಳಿರಬಹುದು. 1979ರಲ್ಲಿ ರೂಪುಗೊಂಡ ಈ ಪ್ರೋಟೋಕಾಲ್‌ನ ಟಿಸಿಪಿ ರೂಪಕ್ಕೆ 502ನೆಯ ಪೋರ್ಟ್ ಮೀಸಲಾಗಿದೆ. ಆಜ್ಞೆ ನೀಡುವವರು ಯಾರೆಂದು ಪರಿಶೀಲಿಸುವ ವ್ಯವಸ್ಥೆ ಇದರ ಮೂಲರೂಪದಲ್ಲಿಲ್ಲ. ಇಂಥದನ್ನು ಹಂಚಿದ ಪೋರ್ಟ್‌ನ ಹಿಂದೆ ಇಟ್ಟರೆ, ಪೋರ್ಟ್ ತಲುಪಿದ ಯಾರೇ ಆದರೂ ಯಂತ್ರಕ್ಕೆ ಆಜ್ಞೆ ನೀಡಬಲ್ಲರು. ಅದನ್ನು ಪ್ರತ್ಯೇಕ ಜಾಲದಲ್ಲಿರಿಸಿ, ದೃಢೀಕರಣವುಳ್ಳ ಖಾಸಗಿ ಜಾಲದ ಮೂಲಕ ಮಾತ್ರ ತಲುಪುವಂತೆ ಮಾಡಬೇಕು.

## ಫೈರ್‌ವಾಲ್‌ಗಳ ಪ್ರತಿಕ್ರಿಯೆ

443ರಲ್ಲಿ ಎಲ್ಲವೂ ಸಾಗತೊಡಗಿದಂತೆ, ಪೋರ್ಟ್ ಸಂಖ್ಯೆಯನ್ನು ನಂಬುವ ಫೈರ್‌ವಾಲ್‌ಗಳು ಸಾಲದಾದವು. ಹೊಸ ತಲೆಮಾರಿನ ಫೈರ್‌ವಾಲ್‌ಗಳು ಹಂಚಿಕೆ ತಂತ್ರಾಂಶದಂತೆಯೇ ಪ್ಯಾಕೆಟ್‌ನ ಒಳಗನ್ನು ಪರಿಶೀಲಿಸುತ್ತವೆ. ಹೀಗಾಗಿ 443ರಲ್ಲಿ ಬಂದ ಎಸ್‌ಎಸ್‌ಎಚ್ ಪರಿಚಯದ ಸಾಲನ್ನು ಗುರುತಿಸಿ ತಡೆಯಬಲ್ಲವು. ಇದನ್ನು ತಪ್ಪಿಸಲು ಎಸ್‌ಎಸ್‌ಎಚ್ ಅನ್ನು ಟಿಎಲ್‌ಎಸ್‌ನೊಳಗೆ ಸಾಗಿಸುವುದುಂಟು. ಆಗ ಕೆಲವು ಸಂಸ್ಥೆಗಳು ಟಿಎಲ್‌ಎಸ್ ಅನ್ನೇ ನಡುವೆ ಬಿಡಿಸಿ ನೋಡುವ ಕ್ರಮಕ್ಕೆ ಹೋಗುತ್ತವೆ. ಒಂದು ಬದಿಯ ಮರೆಮಾಚುವಿಕೆ ಇನ್ನೊಂದು ಬದಿಯ ಇಣುಕುನೋಟವನ್ನು ಹೆಚ್ಚಿಸುತ್ತದೆ. ಅದರಿಂದ ಸಾಮಾನ್ಯ ಬಳಕೆದಾರರ ಖಾಸಗಿತನಕ್ಕೂ ಧಕ್ಕೆಯಾಗುತ್ತದೆ.

## ಕರ್ನಾಟಕ ಮತ್ತು ಭಾರತದ ಸಂದರ್ಭ

ಶಾಖೆಗಳನ್ನು ಸಾರ್ವಜನಿಕ ಅಂತರಜಾಲದ ಮೂಲಕ ಜೋಡಿಸುವುದಕ್ಕೆ ಪರ್ಯಾಯವೆಂದರೆ ಪ್ರತ್ಯೇಕ ಜಾಲ. ಕರ್ನಾಟಕ ಸರ್ಕಾರದ ಕೆಸ್ವಾನ್, ಅಂದರೆ ಕರ್ನಾಟಕ ರಾಜ್ಯ ವಿಶಾಲ ಪ್ರದೇಶ ಜಾಲ, ರಾಜಧಾನಿಯನ್ನು ಜಿಲ್ಲಾ ಮತ್ತು ತಾಲ್ಲೂಕು ಕೇಂದ್ರಗಳೊಂದಿಗೆ ಜೋಡಿಸುತ್ತದೆ. ಸೇಡಂ, ಚಿತ್ತಾಪುರ, ಚಿಂಚೋಳಿಗಳಂಥ ತಾಲ್ಲೂಕು ಕೇಂದ್ರಗಳ ಸರ್ಕಾರಿ ಕಚೇರಿಗಳಿಗೆ ಇಂಥ ಒಳಜಾಲವಿರುವುದರಿಂದ, ಒಳಗಿನ ಸೇವೆಯೊಂದನ್ನು ತಲುಪಲು ಹೊರಗಿನ ಪೋರ್ಟ್ ಹಂಚಿಕೊಳ್ಳುವ ಪ್ರಮೇಯ ತಾತ್ತ್ವಿಕವಾಗಿ ಬರುವುದಿಲ್ಲ. ಸ್ವಂತ ಜಾಲವನ್ನು ಭರಿಸಲಾಗದ ಸಣ್ಣ ಸಂಸ್ಥೆಗಳಿಗೇ ಹಂಚಿಕೆ ಹೆಚ್ಚು ಉಪಯುಕ್ತ.

ಭಾರತದಲ್ಲಿ ದಾಖಲೆಗಳ ಪಾಲನೆಗೆ ಕಾನೂನಿನ ಬಲವೂ ಇದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 70ಬಿ ಪ್ರಕರಣದಡಿ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳು, ಗಣಕ ವ್ಯವಸ್ಥೆಗಳ ದಾಖಲೆಗಳನ್ನು 180 ದಿನಗಳ ಕಾಲ ಕಾಪಾಡಬೇಕೆಂದೂ, ನಿಗದಿತ ಬಗೆಯ ಸೈಬರ್ ಘಟನೆಗಳನ್ನು ಗಮನಕ್ಕೆ ಬಂದ 6 ಗಂಟೆಗಳೊಳಗೆ ವರದಿ ಮಾಡಬೇಕೆಂದೂ ಹೇಳುತ್ತವೆ. ಎಲ್ಲ ಸಾಲುಗಳಲ್ಲಿಯೂ 127.0.0.1 ಎಂದಿರುವ ದಾಖಲೆಯನ್ನು 180 ದಿನ ಕಾಪಾಡಿದರೂ ದಾಳಿ ಎಲ್ಲಿಂದ ಬಂತೆಂಬುದನ್ನು ಅದು ತಿಳಿಸದು. ಆದುದರಿಂದ ಪೋರ್ಟ್ ಹಂಚುವ ಸಂಸ್ಥೆಯು ಮೂಲ ವಿಳಾಸವನ್ನು ಉಳಿಸುವ ವ್ಯವಸ್ಥೆಯನ್ನು ಆರಂಭದಲ್ಲಿಯೇ ಮಾಡಿಕೊಳ್ಳಬೇಕಾಗುತ್ತದೆ. ಕನಿಷ್ಠ ಪಕ್ಷ ಹಂಚಿಕೆ ತಂತ್ರಾಂಶದ ದಾಖಲೆಯನ್ನೂ ಸಮಯಸಹಿತವಾಗಿ ಉಳಿಸಿಕೊಳ್ಳಬೇಕು.

ತನ್ನದೇ ಸರ್ವರ್‌ನಲ್ಲಿ ಪೋರ್ಟ್ ಹಂಚುವುದು ನಿರ್ವಹಣೆಯ ವಿಷಯ. ಕಾಲೇಜು ಅಥವಾ ಕಚೇರಿಯ ಜಾಲದಿಂದ, ಅಲ್ಲಿ ನಿಷೇಧಿಸಲಾದ ಸೇವೆಯನ್ನು ಇದೇ ತಂತ್ರದಿಂದ ಬಳಸುವುದು ಬೇರೆಯೇ ವಿಷಯ. ಜಾಲದ ಹೊಣೆ ಹೊತ್ತವರ ಅನುಮತಿಯಿಲ್ಲದ ಪ್ರವೇಶ ಮತ್ತು ಬಳಕೆಗೆ ಅದೇ ಕಾಯ್ದೆಯ 43ನೆಯ ಪ್ರಕರಣ ಅನ್ವಯವಾಗಬಹುದು. ಪೋರ್ಟ್ ತೆರೆದಿದೆ ಎಂಬುದು ಅನುಮತಿಯಿದೆ ಎಂಬುದಕ್ಕೆ ಸಮನಲ್ಲ.

## ಇವನ್ನೂ ನೋಡಿ

* ಫೈರ್‌ವಾಲ್
* ಐಪಿ ವಿಳಾಸ
* ಗೂಢಲಿಪಿಶಾಸ್ತ್ರ
* ವಾಡಿ ಜಂಕ್ಷನ್